ದಿನ ತುಂಬದ ಕೂಸಿನ ರಕ್ತದೊತ್ತಡ

ದಿನ ತುಂಬುವ ಮುನ್ನವೇ ಲೋಕಕ್ಕೆ ಬಂದ ಕೂಸೊಂದು ಗಾಜಿನ ಪೆಟ್ಟಿಗೆಯೊಳಗೆ ಮಲಗಿರುವಾಗ, ಹೊರಗೆ ಪಡಸಾಲೆಯ ಬೆಂಚಿನ ಮೇಲೆ ಕುಳಿತ ತಂದೆಯ ಬಳಿಗೆ ವೈದ್ಯರು ಬಂದು "ಬಿ.ಪಿ. ಸ್ವಲ್ಪ ಕಡಿಮೆ ಇದೆ" ಎಂದು ಹೇಳಿಹೋಗುವ ಮಾತು ಎಷ್ಟು ಚಿಕ್ಕದೋ, ಅದು ಆ ಮನೆಯವರ ಎದೆಯಲ್ಲಿ ಹುಟ್ಟಿಸುವ ತಲ್ಲಣವು ಅಷ್ಟೇ ದೊಡ್ಡದು. ರಕ್ತದೊತ್ತಡವೆಂದರೆ ಮುಪ್ಪಿನವರಿಗೆ ಬರತಕ್ಕ ಕಾಯಿಲೆ, ಅದಕ್ಕೆ ಉಪ್ಪು ಬಿಡಬೇಕು, ಮಾತ್ರೆ ನುಂಗಬೇಕು ಎಂದಷ್ಟೇ ತಿಳಿದಿರುವ ನಮ್ಮ ಜನಕ್ಕೆ, ಅಂಗೈಯಗಲದ ಜೀವಕ್ಕೂ ರಕ್ತದೊತ್ತಡವೆಂಬುದೊಂದುಂಟು, ಏರುವುದಕ್ಕಿಂತ ಇಳಿಯುವುದೇ ಅಲ್ಲಿನ ಚಿಂತೆ ಎಂಬ ಸಂಗತಿಯೇ ಹೊಸದು. ಕೆಲವು ವರ್ಷಗಳ ಹಿಂದೆ ನಮ್ಮ ಬಂಧುಗಳ ಮನೆಯಲ್ಲಿ 26 ವಾರಕ್ಕೆ ಹುಟ್ಟಿದ, 800 ಗ್ರಾಂ ತೂಕದ ಗಂಡುಕೂಸೊಂದರ ಸಲುವಾಗಿ ನಾನೂ ಅಂತಹ ಬೆಂಚಿನ ಮೇಲೆ ಎರಡು ರಾತ್ರಿಗಳನ್ನು ಕಳೆದೆ. "ಎಷ್ಟಿರಬೇಕಾಗಿತ್ತು?" ಎಂದು ಕೂಸಿನ ತಂದೆ ಕೇಳಿದ. "26 ವಾರದ ಮಗುವಿಗೆ ಕೊನೆಯ ಪಕ್ಷ 26 ಇರಬೇಕು, ಈಗ 23 ಇದೆ" ಎಂದರು ವೈದ್ಯರು. ವಾರದ ಲೆಕ್ಕಕ್ಕೂ ಒತ್ತಡದ ಲೆಕ್ಕಕ್ಕೂ ಏನು ನಂಟೆಂದು ನಾನು ಕೇಳಿದಾಗ ಆ ತರುಣ ವೈದ್ಯರು ಒಂದು ಗಳಿಗೆ ಸುಮ್ಮನಿದ್ದು, "ನಿಜ ಹೇಳಬೇಕೆಂದರೆ ಅದೊಂದು ರೂಢಿಯ ಅಳತೆ, ಅದಕ್ಕಿಂತ ಒಳ್ಳೆಯದು ನಮ್ಮ ಕೈಯಲ್ಲಿಲ್ಲ" ಎಂದರು. ಆ ಪ್ರಾಮಾಣಿಕತೆಗೆ ನಾನು ಇಂದಿಗೂ ಋಣಿ. ಈ ಲೇಖನ ಹುಟ್ಟಿದ್ದೂ ಆ ಉತ್ತರದಿಂದಲೇ.

ಆ ರೂಢಿಯ ಮೂಲವನ್ನು ಹುಡುಕುತ್ತ ಹೋದರೆ 1992ನೆಯ ಇಸವಿಗೆ ಬಂದು ನಿಲ್ಲಬೇಕಾಗುತ್ತದೆ. ಆ ವರ್ಷ ಬ್ರಿಟನ್ನಿನ ವೈದ್ಯರ ಜಂಟಿ ಸಮಿತಿಯೊಂದು, ನವಜಾತ ಶಿಶುಗಳ ಉಸಿರಾಟದ ಬೇನೆಯನ್ನು ನೋಡಿಕೊಳ್ಳುವ ಬಗೆಗೆ ಮಾರ್ಗಸೂಚಿಗಳನ್ನು ರಚಿಸುತ್ತ, ಶಿಶುವಿನ ಸರಾಸರಿ ರಕ್ತದೊತ್ತಡವು ಪಾದರಸದ ಮಿಲಿಮೀಟರಿನ ಲೆಕ್ಕದಲ್ಲಿ ಅದರ ಗರ್ಭವಾಸದ ವಾರಗಳ ಸಂಖ್ಯೆಗಿಂತ ಕೆಳಗಿಳಿಯದಂತೆ ನೋಡಿಕೊಳ್ಳತಕ್ಕದ್ದೆಂದು ಸೂಚಿಸಿತು. ಅದಕ್ಕೆ ಐದು ವರ್ಷ ಮೊದಲು ಪ್ರಕಟವಾದ ಅಧ್ಯಯನವೊಂದರಲ್ಲಿ, ಒತ್ತಡವು 30ಕ್ಕಿಂತ ಕೆಳಗಿದ್ದ ಕೂಸುಗಳಲ್ಲಿ ಮಿದುಳಿನ ಪೆಟ್ಟು ಹೆಚ್ಚಾಗಿ ಕಂಡುಬಂದಿತ್ತು. ವಾರಕ್ಕೊಂದು ಮಿಲಿಮೀಟರ್ ಎಂಬ ಸೂತ್ರವು ನೆನಪಿಡಲು ಸುಲಭ. ನಡುರಾತ್ರಿಯಲ್ಲಿ ನಿದ್ದೆಗೆಟ್ಟ ವೈದ್ಯನಿಗೆ ಕೈಗೆಟುಕುವ ಊರೆಗೋಲು. ಆದಕಾರಣವೇ ಅದು ಸಮುದ್ರಗಳನ್ನು ದಾಟಿ, ಪಠ್ಯಪುಸ್ತಕಗಳನ್ನು ಹೊಕ್ಕು, ಲೋಕದ ಬಹುಪಾಲು ಶಿಶುಘಟಕಗಳಲ್ಲಿ ನಿಯಮದ ಗೌರವವನ್ನು ಪಡೆಯಿತು. ಆದರೆ ಆ ಸಂಖ್ಯೆಯ ಕೆಳಗೆ ಇಳಿದ ಕೂಸಿಗೆ ಔಷಧ ಕೊಟ್ಟರೆ ಅದು ಕೊಡದ ಕೂಸಿಗಿಂತ ಚೆನ್ನಾಗಿ ಬದುಕುತ್ತದೆಯೇ ಎಂಬ ಪರೀಕ್ಷೆಯನ್ನು ಮಾಡಿ, ಅದರ ಫಲವಾಗಿ ಹುಟ್ಟಿದ ನಿಯಮ ಅದಲ್ಲ. ಅನುಭವಸ್ಥರು ಒಮ್ಮತದಿಂದ ಹೇಳಿದ ಮಾತು; ಅಷ್ಟೇ ಅದರ ಪ್ರಮಾಣ.

ಒತ್ತಡವೆಂಬುದು ವಸ್ತುತಃ ಏನು ಎಂಬುದನ್ನು ಇಲ್ಲಿ ಸ್ವಲ್ಪ ಸಾವಧಾನವಾಗಿ ವಿಚಾರಿಸಬೇಕು. ಅಂಗಾಂಗಗಳಿಗೆ ಬೇಕಾದದ್ದು ರಕ್ತದ ಹರಿವು. ನಾವು ಅಳೆಯುವುದು ನಾಳದ ಗೋಡೆಯ ಮೇಲೆ ಆ ರಕ್ತವು ಒತ್ತುವ ಬಲವನ್ನು. ಇವೆರಡೂ ಒಂದೇ ಅಲ್ಲವೆಂಬುದನ್ನು ನಮ್ಮ ರಾಯಚೂರು ಸೀಮೆಯ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತುಂಗಭದ್ರೆಯ ಎಡದಂಡೆಯ ಕಾಲುವೆಯಲ್ಲಿ ಮೇಲಿನ ಗೇಜು ತುಂಬು ಮಟ್ಟವನ್ನು ತೋರಿಸುತ್ತಿರುವಾಗಲೇ ಕೊನೆಯ ಭಾಗದ ಗದ್ದೆಗಳು ಬಿರಿದು ಒಣಗುವುದನ್ನು ಅವನು ಕಣ್ಣಾರೆ ಕಂಡಿದ್ದಾನೆ. ದಾರಿಯ ತೂಬುಗಳನ್ನೆಲ್ಲ ಮುಚ್ಚಿಬಿಟ್ಟರೆ ಗೇಜಿನಲ್ಲಿ ಮಟ್ಟ ಏರುತ್ತದೆ. ಬೆಳೆಗೆ ಮಾತ್ರ ನೀರು ಸಿಗದು. ಎಲ್ಲ ತೂಬುಗಳೂ ತೆರೆದು ನೀರು ಸರಾಗವಾಗಿ ಹರಿಯುತ್ತಿದ್ದರೆ ಗೇಜಿನ ಅಂಕಿ ಕೆಳಗಿದ್ದರೂ ಕೊನೆಯ ಹೊಲದವನು ನೆಮ್ಮದಿಯಾಗಿರಬಹುದು. ಶರೀರದಲ್ಲಿಯೂ ಹೀಗೆಯೇ: ಒತ್ತಡವು ಹರಿವು ಮತ್ತು ನಾಳಗಳ ಬಿಗಿತ ಎಂಬೆರಡರ ಗುಣಲಬ್ಧ. ಸಿಡ್ನಿಯ ನಿಕ್ ಇವಾನ್ಸ್ ಮತ್ತು ಮಾರ್ಟಿನ್ ಕ್ಲಕೌ ಎಂಬ ವೈದ್ಯರು, ತಲೆ ಮತ್ತು ತೋಳುಗಳಿಂದ ಹೃದಯಕ್ಕೆ ಮರಳುವ ಮಹಾಸಿರೆಯಲ್ಲಿ ರಕ್ತವೆಷ್ಟು ಹರಿಯುತ್ತಿದೆಯೆಂಬುದನ್ನು ಅಲ್ಟ್ರಾಸೌಂಡಿನಿಂದ ಅಳೆದು, ಅಕಾಲಿಕ ಶಿಶುಗಳ ಮೊದಲ ಗಳಿಗೆಗಳಲ್ಲಿ ಒತ್ತಡಕ್ಕೂ ಹರಿವಿಗೂ ಇರುವ ಹೊಂದಾಣಿಕೆಯು ಬಹಳ ದುರ್ಬಲವೆಂದು ತೋರಿಸಿಕೊಟ್ಟರು. ಒತ್ತಡ ಸರಿಯಾಗಿದ್ದೂ ಹರಿವು ಕುಂದಿದ ಕೂಸುಗಳು ಅವರಿಗೆ ಕಂಡವು. ಮುಂದೆ ಮಿದುಳಿನಲ್ಲಿ ರಕ್ತಸ್ರಾವಕ್ಕೆ ಈಡಾದ ಅನೇಕ ಕೂಸುಗಳು ಅದಕ್ಕೆ ಮೊದಲು ಹೀಗೆ ಕುಂದಿದ ಹರಿವಿನ ಅವಸ್ಥೆಯನ್ನು ದಾಟಿಬಂದಿದ್ದವು.

ಹುಟ್ಟಿನ ಆ ಮೊದಲ ದಿನವು ಶಿಶುವಿನ ಹೃದಯಕ್ಕೆ ಎಂತಹ ಸಂಧಿಕಾಲವೆಂಬುದನ್ನು ನೆನೆದರೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಗರ್ಭದಲ್ಲಿರುವಾಗ ಅದರ ರಕ್ತವು ಮಾಸೆಂಬ ವಿಶಾಲವಾದ, ಅಡೆತಡೆಯಿಲ್ಲದ ಬಯಲಿಗೆ ಹರಿಯುತ್ತಿತ್ತು. ಹೊಕ್ಕುಳಬಳ್ಳಿ ಕತ್ತರಿಸಿದ ಗಳಿಗೆಯಲ್ಲಿಯೇ ಆ ಬಯಲು ಮುಚ್ಚಿಹೋಗಿ, ಇನ್ನೂ ಬಲಿಯದ ಹೃದಯದ ಸ್ನಾಯುವು ಹಠಾತ್ತನೆ ಬಿಗಿಯಾದ ನಾಳಗಳ ಎದುರು ರಕ್ತವನ್ನು ತಳ್ಳಬೇಕಾಗುತ್ತದೆ. ತುಂಬುಗೂಸಿನಲ್ಲಿ ಬೇಗನೆ ಮುಚ್ಚಿಕೊಳ್ಳತಕ್ಕ ನಾಳವೊಂದು ಇಲ್ಲಿ ತೆರೆದೇ ಉಳಿದು ರಕ್ತದ ಒಂದು ಪಾಲು ಶ್ವಾಸಕೋಶದ ಕಡೆಗೆ ಸೋರಿಹೋಗುತ್ತದೆ. ಮೊದಲ ಗಂಟೆಗಳಲ್ಲಿ ಒತ್ತಡವು ತೀರ ಕೆಳಗಿದ್ದು, ಯಾರೂ ಏನೂ ಮಾಡದಿದ್ದರೂ ದಿನವೊಂದು ಉರುಳುವಷ್ಟರಲ್ಲಿ ಬಹುತೇಕ ಶಿಶುಗಳಲ್ಲಿ ತಾನಾಗಿಯೇ ಮೇಲೇರುತ್ತ ಹೋಗುತ್ತದೆ. ಅದೇ ಹೊತ್ತಿನಲ್ಲಿ, ಮಿದುಳಿನ ಕುಹರಗಳ ಅಂಚಿನಲ್ಲಿ ಜೇಡನ ಬಲೆಯಷ್ಟು ಸೂಕ್ಷ್ಮವಾದ ನಾಳಗಳ ಜಾಲವೊಂದು ಇರುತ್ತದೆ. ರಕ್ತಸ್ರಾವವಾಗುವುದಾದರೆ ಅದು ಹೆಚ್ಚಾಗಿ ಮೊದಲ 72 ಗಂಟೆಗಳ ಒಳಗೇ ಆಗುತ್ತದೆ. ಹರಿವು ಕಡಿಮೆಯಾದರೂ ಆ ನಾಳಗಳಿಗೆ ಅಪಾಯ. ಕಡಿಮೆಯಾದದ್ದು ಒಮ್ಮೆಗೇ ನುಗ್ಗಿದರೂ ಅಪಾಯ. ವೈದ್ಯನ ಸಂಕಟವೆಲ್ಲ ಈ ಇಬ್ಬದಿಯ ಭಯದಲ್ಲಿದೆ.

ಇಂತಿರಲಾಗಿ, ಅಂಕಿ ಕೆಳಗಿಳಿದೊಡನೆ ಸಾಮಾನ್ಯವಾಗಿ ಮಾಡುವುದೇನು? ಮೊದಲು ಉಪ್ಪುನೀರನ್ನು ನಾಳದ ಮೂಲಕ ಕೊಡುತ್ತಾರೆ: ಕಿಲೋಗ್ರಾಂ ತೂಕಕ್ಕೆ 10 ಮಿಲಿಲೀಟರಿನಂತೆ, 800 ಗ್ರಾಂನ ಕೂಸಿಗೆ 8 ಮಿಲಿಲೀಟರ್. ಇದು ಎರಡು ಚಮಚೆಯೂ ಆಗದ ನೀರೆಂದು ತೋರಬಹುದು. ಆದರೆ ಆ ಕೂಸಿನ ಮೈಯಲ್ಲಿರುವ ಒಟ್ಟು ರಕ್ತವೇ ಸುಮಾರು 70 ಮಿಲಿಲೀಟರ್, ಅರ್ಧ ಲೋಟ ಕಾಫಿಯಷ್ಟು. ಆಮೇಲೆ ಡೋಪಮೈನ್. ಅದು ಹೃದಯವನ್ನು ಚುರುಕುಗೊಳಿಸುವುದೂ ಉಂಟು, ಪ್ರಮಾಣ ಏರಿದಂತೆ ನಾಳಗಳನ್ನು ಬಿಗಿಗೊಳಿಸುವುದೂ ಉಂಟು. ಅದು ಅಂಕಿಯನ್ನು ಏರಿಸುತ್ತದೆಂಬುದರಲ್ಲಿ ಸಂದೇಹವಿಲ್ಲ. ಅದು ತೂಬು ಮುಚ್ಚಿ ಏರಿಸಿದ ಮಟ್ಟವೋ, ನೀರು ಹೆಚ್ಚಿಸಿ ಏರಿಸಿದ ಮಟ್ಟವೋ ಎಂಬುದನ್ನು ಮಾತ್ರ ಗೋಡೆಯ ಮೇಲಿನ ಮಾನಿಟರು ಹೇಳುವುದಿಲ್ಲ. ಅಂತೆಯೇ, ಹುಟ್ಟಿದೊಡನೆ ಮುಂಜಾಗ್ರತೆಯೆಂದು ರಕ್ತದ ಪ್ಲಾಸ್ಮಾವನ್ನು ಕೊಟ್ಟರೆ ಮಿದುಳು ಉಳಿದೀತೆಂಬ ಆಸೆಯಿಂದ ಉತ್ತರ ಇಂಗ್ಲೆಂಡಿನಲ್ಲಿ 32 ವಾರಕ್ಕಿಂತ ಮೊದಲು ಹುಟ್ಟಿದ 776 ಶಿಶುಗಳ ಮೇಲೆ ನಡೆಸಿದ ಪರೀಕ್ಷೆಯ ಫಲವು 1996ರಲ್ಲಿ ಪ್ರಕಟವಾಯಿತು. ಪ್ಲಾಸ್ಮಾ ಪಡೆದವರಿಗೂ ಪಡೆಯದವರಿಗೂ ಸಾವಿನಲ್ಲಾಗಲಿ ಅಂಗವೈಕಲ್ಯದಲ್ಲಾಗಲಿ ಅಂತರ ಕಾಣಲಿಲ್ಲ.

ಒಳ್ಳೆಯ ಉದ್ದೇಶವು ತಾನೇ ಪ್ರಮಾಣವಾಗದೆಂಬುದಕ್ಕೆ ಶಿಶುವೈದ್ಯದ ಚರಿತ್ರೆಯಲ್ಲಿ ಮರೆಯಲಾಗದ ಅಧ್ಯಾಯವೊಂದಿದೆ. 1940ರ ದಶಕದಲ್ಲಿ ದಿನ ತುಂಬದ ಕೂಸುಗಳಿಗೆ ಧಾರಾಳವಾಗಿ ಆಮ್ಲಜನಕವನ್ನು ಕೊಡತೊಡಗಿದರು. ಮೈ ಕೆಂಪೇರಿತು, ಉಸಿರು ಸಮವಾಯಿತು, ಎಲ್ಲರೂ ಸಂತೋಷಪಟ್ಟರು. ಕೆಲವು ತಿಂಗಳ ಮೇಲೆ ಆ ಮಕ್ಕಳಲ್ಲಿ ಅನೇಕರು ಕುರುಡರೆಂದು ತಿಳಿಯಿತು. 1951ರಲ್ಲಿ ಮೆಲ್ಬರ್ನಿನ ಕೇಟ್ ಕ್ಯಾಂಪ್‌ಬೆಲ್ ಎಂಬ ವೈದ್ಯೆಯು ಆಮ್ಲಜನಕದ ಮೇಲೆ ಬೆರಳಿಟ್ಟು ತೋರಿಸಿದರು. ಅಮೆರಿಕದ ಹಲವು ಆಸ್ಪತ್ರೆಗಳು ಕೂಡಿ ನಡೆಸಿದ ಪರೀಕ್ಷೆಯಿಂದ 1954ರ ಹೊತ್ತಿಗೆ ಸಂಶಯ ನಿವಾರಣೆಯಾಯಿತು. ಅಷ್ಟರೊಳಗೆ ಲೋಕದಲ್ಲಿ ಸುಮಾರು 10,000 ಮಕ್ಕಳು ದೃಷ್ಟಿ ಕಳೆದುಕೊಂಡಿದ್ದರು. ಕಥೆ ಅಲ್ಲಿಗೆ ಮುಗಿದಿದ್ದರೆ ಔಷಧ ಕೊಡದಿರುವುದೇ ಜಾಣತನವೆಂದು ಹೇಳಿಬಿಡಬಹುದಾಗಿತ್ತು. ಆದರೆ ಆಮೇಲೆ ಆಮ್ಲಜನಕವನ್ನು ಕಣ್ಣು ಮುಚ್ಚಿ ಕಡಿತಗೊಳಿಸಿದ್ದರಿಂದ, ಉಳಿಯಬಹುದಾಗಿದ್ದ ಕೂಸುಗಳು ಸತ್ತವು. ಹೆಚ್ಚು ಕೊಟ್ಟದ್ದೂ ಊಹೆಯ ಮೇಲೆ, ಕಡಿಮೆ ಮಾಡಿದ್ದೂ ಊಹೆಯ ಮೇಲೆ.

ರಕ್ತದೊತ್ತಡದ ವಿಷಯದಲ್ಲಿಯೂ ಈ ಎರಡು ಪಕ್ಷಗಳಿವೆ. ಅಂಕಿ ಕೆಳಗಿದ್ದರೂ ಕೂಸಿನ ಮೈ ಬೆಚ್ಚಗಿದ್ದು, ಎದೆಯ ಚರ್ಮವನ್ನೊತ್ತಿ ಬಿಟ್ಟರೆ ಮೂರು ಸೆಕೆಂಡಿನೊಳಗೆ ಬಣ್ಣ ಮರಳುತ್ತ, ಮೂತ್ರ ಸರಿಯಾಗಿ ಹೋಗುತ್ತ, ರಕ್ತದಲ್ಲಿ ಲ್ಯಾಕ್ಟೇಟ್ ಏರದೆ ಇದ್ದರೆ, ಕಾದು ನೋಡಬಹುದೆಂಬುದು ಒಂದು ಪಕ್ಷ. ಐರ್ಲೆಂಡಿನ ಕಾರ್ಕ್ ನಗರದ ಯೂಜೀನ್ ಡೆಂಪ್ಸಿ ಅವರು ಈ ನಿಲುವನ್ನು ಬಹುಕಾಲದಿಂದ ಪ್ರತಿಪಾದಿಸಿದವರು. ಇದರ ಎದುರು ಪಕ್ಷಕ್ಕೆ ಬಲ ಕೊಟ್ಟದ್ದು ಫ್ರಾನ್ಸಿನಲ್ಲಿ 2011ರಲ್ಲಿ 29 ವಾರಕ್ಕಿಂತ ಮೊದಲು ಹುಟ್ಟಿದ ಶಿಶುಗಳ ಅಧ್ಯಯನ. ಒತ್ತಡವೊಂದು ಕಡಿಮೆಯಿದ್ದು ಬೇರೆ ಲಕ್ಷಣಗಳಿಲ್ಲದ ಕೂಸುಗಳನ್ನು ಸಮಸಮವಾಗಿ ಜೋಡಿಸಿ ನೋಡಿದಾಗ, ಚಿಕಿತ್ಸೆ ಪಡೆದವುಗಳಲ್ಲಿ ನೂರಕ್ಕೆ 61ರಷ್ಟು ದೊಡ್ಡ ತೊಡಕಿಲ್ಲದೆ ಬದುಕಿದ್ದವು, ಪಡೆಯದವುಗಳಲ್ಲಿ 49ರಷ್ಟು. ಈ ಅಂತರವನ್ನು ಕಡೆಗಣಿಸುವಂತಿಲ್ಲ. ಆದರೆ ಯಾವ ಕೂಸಿಗೆ ಔಷಧ, ಯಾವುದಕ್ಕೆ ಬೇಡ ಎಂಬುದನ್ನು ಅಲ್ಲಿ ನಿರ್ಧರಿಸಿದವರು ಹಾಸಿಗೆಯ ಪಕ್ಕದಲ್ಲಿ ನಿಂತ ವೈದ್ಯರು; ಅವರ ಕಣ್ಣು ಕಂಡ ಯಾವ ಕಾರಣವು ಲೆಕ್ಕದ ಪುಸ್ತಕಕ್ಕೆ ಬರದೆ ಉಳಿಯಿತೋ ಹೇಳಬರುವುದಿಲ್ಲ. ನನ್ನ ಮನಸ್ಸು ಮೊದಲನೆಯ ಪಕ್ಷಕ್ಕೆ ಒಲಿಯುತ್ತದೆಂಬುದನ್ನು ಮರೆಮಾಚುವುದಿಲ್ಲ. ಹೀಗೆ ಒಲಿಯುವುದಕ್ಕೂ ತಿಳಿಯುವುದಕ್ಕೂ ಬಹಳ ಅಂತರವಿದೆಯೆಂಬುದನ್ನೂ ಬಲ್ಲೆ.

ತಿಳಿಯುವ ದಾರಿ ಒಂದೇ. ಚೀಟಿ ಎತ್ತಿದಂತೆ ಕೂಸುಗಳನ್ನು ಎರಡು ಪಂಗಡಗಳಾಗಿ ಹಂಚಿ, ಒಂದಕ್ಕೆ ಔಷಧವನ್ನೂ ಇನ್ನೊಂದಕ್ಕೆ ಔಷಧವಿಲ್ಲದ ಗ್ಲೂಕೋಸ್ ದ್ರವವನ್ನೂ ಕೊಟ್ಟು, ಯಾವುದು ಯಾವುದೆಂದು ವೈದ್ಯರಿಗೂ ತಿಳಿಯದಂತಿರಿಸಿ, ಕೊನೆಗೆ ಲೆಕ್ಕ ಹಾಕುವುದು. ಡೆಂಪ್ಸಿಯವರ ಮುಂದಾಳುತನದಲ್ಲಿ ಯೂರೋಪು ಮತ್ತು ಕೆನಡಾದ ಆಸ್ಪತ್ರೆಗಳು ಕೂಡಿ 28 ವಾರಕ್ಕಿಂತ ಮೊದಲು ಹುಟ್ಟಿದ ಶಿಶುಗಳಲ್ಲಿ ಈ ಕಾರ್ಯಕ್ಕೆ ಕೈಯಿಟ್ಟವು. 'ಹಿಪ್' ಎಂದು ಹೆಸರಾದ ಆ ಪರೀಕ್ಷೆಗೆ 830 ಕೂಸುಗಳು ಬೇಕಾಗಿದ್ದವು. ಸೇರಿದವು 58. ಕೂಸುಗಳು ಸಾಲದೆ ಕೆಲಸವನ್ನು ಅರ್ಧದಲ್ಲಿಯೇ ನಿಲ್ಲಿಸಬೇಕಾಯಿತು. 2021ರಲ್ಲಿ ಪ್ರಕಟವಾದ ಫಲವು ಹೀಗಿತ್ತು: ಮಿದುಳಿಗೆ ದೊಡ್ಡ ಪೆಟ್ಟಿಲ್ಲದೆ ಬದುಕುಳಿದವು ಡೋಪಮೈನ್ ಪಡೆದ 29ರಲ್ಲಿ 18, ಪಡೆಯದ 29ರಲ್ಲಿ 20. ಎರಡು ಕೂಸುಗಳ ಅಂತರ. ಇದರಿಂದ ಯಾವ ಪಕ್ಷವೂ ಗೆದ್ದೆನೆಂದು ಹೇಳಲಾಗದು. 1992ರಲ್ಲಿ ಬರೆದಿಟ್ಟ ಸಾಲಿನ ಸತ್ಯಾಸತ್ಯವು ಮೂವತ್ತು ವರ್ಷಗಳ ಮೇಲೂ ತೀರ್ಮಾನವಾಗದೆ ಉಳಿಯಿತು.

ಇದು ಏಕೆ ಹೀಗಾಗುತ್ತದೆಂಬುದನ್ನು ಊಹಿಸಲು ವೈದ್ಯನಾಗಬೇಕಾಗಿಲ್ಲ. ಆ ಬೆಂಚಿನ ಮೇಲೆ ಒಂದು ರಾತ್ರಿ ಕುಳಿತರೆ ಸಾಕು. ಕೂಸು ಹುಟ್ಟಿ ಇನ್ನೂ ದಿನ ಕಳೆದಿಲ್ಲ. ತಾಯಿ ಶಸ್ತ್ರಕ್ರಿಯೆಯ ಮಂಪರಿನಿಂದ ಎದ್ದಿಲ್ಲ. ತಂದೆ ರಕ್ತ ಹೊಂದಿಸಲು, ಹಣ ಹೊಂದಿಸಲು ಓಡಾಡುತ್ತಿದ್ದಾನೆ. ಆಗ ಕಾಗದವೊಂದನ್ನು ಮುಂದೊಡ್ಡಿ, ಈ ಔಷಧದಿಂದ ಒಳಿತಾಗುತ್ತದೆಯೋ ಕೆಡುಕಾಗುತ್ತದೆಯೋ ನಮಗೆ ಗೊತ್ತಿಲ್ಲ, ನಿಮ್ಮ ಮಗುವನ್ನು ಈ ಪರೀಕ್ಷೆಗೆ ಸೇರಿಸಬಹುದೇ ಎಂದು ಕೇಳಿದರೆ ಯಾವ ತಂದೆಯ ಕೈ ನಡುಗದು? ನಮ್ಮಲ್ಲಂತೂ "ಏನಾದರೂ ಮಾಡಿ ಸ್ವಾಮಿ" ಎಂಬುದೇ ಬಂಧುಬಳಗದ ಮೊರೆ. ಏನಾದರೂ ಅನಾಹುತವಾದರೆ, ಬಿ.ಪಿ. ಇಳಿದಿದ್ದರೂ ವೈದ್ಯರು ಕೈಕಟ್ಟಿ ಕುಳಿತಿದ್ದರೆಂಬ ಅಪವಾದ ಬರುತ್ತದೆ. ಔಷಧ ಕೊಟ್ಟು ಅನಾಹುತವಾದರೆ, ಪಾಪ, ಎಲ್ಲ ಪ್ರಯತ್ನವನ್ನೂ ಮಾಡಿದರೆಂಬ ಮಾತು ಬರುತ್ತದೆ. ಹೀಗೆ ಔಷಧದ ಕೊಳವೆಯನ್ನು ಜೋಡಿಸುವ ಕೈ ವೈದ್ಯರದಾದರೂ ಅದನ್ನು ತಳ್ಳುವ ಬಲದಲ್ಲಿ ನಮ್ಮ ಪಾಲೂ ಇರುತ್ತದೆ.

ನನ್ನ ಮಾತನ್ನು ಯಾರೂ ತಪ್ಪಾಗಿ ತಿಳಿಯಬಾರದು. ನಂಜೇರಿ ಮೈ ತಣ್ಣಗಾದ ಕೂಸಿಗೆ, ರಕ್ತ ಕಳೆದುಕೊಂಡು ಬಿಳಿಚಿದ ಕೂಸಿಗೆ, ಮೂತ್ರ ನಿಂತು ಲ್ಯಾಕ್ಟೇಟ್ ಏರುತ್ತಿರುವ ಕೂಸಿಗೆ ಚಿಕಿತ್ಸೆಯನ್ನು ಒಂದು ನಿಮಿಷವೂ ತಡಮಾಡಲಾಗದು. ಅಲ್ಲಿ ವಿವಾದವೇ ಇಲ್ಲ. ವಿವಾದವಿರುವುದು ಅಂಕಿಯೊಂದರ ಹೊರತು ಬೇರೆ ಯಾವ ದೂರೂ ಇಲ್ಲದ ಕೂಸಿನ ವಿಷಯದಲ್ಲಿ. ಆ ಅಂಕಿಯಾದರೂ ನಂಬುವಂಥದೇ ಎಂಬುದನ್ನು ಮೊದಲು ನೋಡಬೇಕು: ಹೊಕ್ಕುಳಿನ ಶುದ್ಧರಕ್ತನಾಳದೊಳಗೆ ಕೊಳವೆಯಿಟ್ಟು ಅಳೆದದ್ದಕ್ಕೂ, ಹೆಬ್ಬೆರಳಿನಷ್ಟು ದಪ್ಪದ ತೋಳಿಗೆ ಪಟ್ಟಿ ಸುತ್ತಿ ಅಳೆದದ್ದಕ್ಕೂ ಎಷ್ಟೋ ವೇಳೆ ತಾಳೆಯಾಗುವುದಿಲ್ಲ. ಇವನ್ನೆಲ್ಲ ತೂಗಿ ನೋಡಲು ಗಂಟೆಗಟ್ಟಲೆ ಆ ಪೆಟ್ಟಿಗೆಯ ಪಕ್ಕದಲ್ಲಿ ನಿಲ್ಲಬಲ್ಲ ದಾದಿಯರು ಬೇಕು. ಒಬ್ಬಳೇ ದಾದಿ ಹತ್ತಾರು ಕೂಸುಗಳನ್ನು ನೋಡಿಕೊಳ್ಳಬೇಕಾದ ಘಟಕದಲ್ಲಿ "ಕಾದು ನೋಡು" ಎಂಬ ವಿವೇಕದ ಮಾತು "ನೋಡದೆ ಬಿಡು" ಎಂದಾಗಿಬಿಡುವ ಭಯವಿದೆ. ಅಲ್ಲಿ ಅಂಕಿಯನ್ನು ಹಿಡಿದು ಔಷಧ ಕೊಟ್ಟ ವೈದ್ಯನನ್ನು ದೂರಲು ನನಗೆ ಬಾಯಿ ಬಾರದು.

ಇದಕ್ಕಿಂತ ಮೊದಲೇ ಮಾಡಬಹುದಾದ ಕೆಲಸಗಳು ಇವೆ. ಅವುಗಳ ವಿಷಯದಲ್ಲಿ ಸಂಶಯ ಕಡಿಮೆ. ಹೊಕ್ಕುಳಬಳ್ಳಿಯನ್ನು ಕತ್ತರಿಸಲು ಅವಸರಪಡಬಾರದೆಂದು ಚಾರ್ಲ್ಸ್ ಡಾರ್ವಿನನ ತಾತ ಎರಾಸ್ಮಸ್ ಡಾರ್ವಿನ್ 1801ರಷ್ಟು ಹಿಂದೆಯೇ ಎಚ್ಚರಿಸಿದ್ದ. ಮಾಸು ಬೀಳುವ ತನಕ ಬಳ್ಳಿಯನ್ನು ಕೊಯ್ಯದೆ ಕಾಯುತ್ತಿದ್ದ ನಮ್ಮ ಹಳ್ಳಿಗಳ ಎಷ್ಟೋ ಸೂಲಗಿತ್ತಿಯರಿಗೆ ಆ ಎಚ್ಚರಿಕೆ ಬೇಕಾಗಿರಲಿಲ್ಲ. ಮಾಸಿನಲ್ಲಿ ಉಳಿದ ರಕ್ತವು ಕೂಸಿಗೆ ಸೇರುವುದರಿಂದ ಅದರ ಒತ್ತಡವೂ ಮೇಲಾಗುತ್ತದೆ. 2023ರಲ್ಲಿ ಹಲವು ಪರೀಕ್ಷೆಗಳ ಲೆಕ್ಕವನ್ನು ಒಟ್ಟುಗೂಡಿಸಿ ನೋಡಿದಾಗ, ಹೀಗೆ ತಡೆದು ಕತ್ತರಿಸಿದ ಅಕಾಲಿಕ ಶಿಶುಗಳಲ್ಲಿ ಆಸ್ಪತ್ರೆಯಲ್ಲಿನ ಸಾವು ನೂರಕ್ಕೆ ಸುಮಾರು 8ರಿಂದ 6ಕ್ಕೆ ಇಳಿದದ್ದು ಕಂಡಿತು. ಇನ್ನೊಂದು, ಅವಧಿಗೆ ಮುನ್ನ ನೋವು ಬಂದ ತಾಯಿಗೆ ಕೊಡುವ ಸ್ಟೆರಾಯ್ಡ್ ಚುಚ್ಚುಮದ್ದು. ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ ಎಂಬವರು 1972ರಲ್ಲಿ ಲೋಕಕ್ಕೆ ತೋರಿಸಿಕೊಟ್ಟ ಈ ಉಪಾಯವು ಶಿಶುವಿನ ಶ್ವಾಸಕೋಶವನ್ನು ಬಲಿಸುವುದಲ್ಲದೆ, ಹುಟ್ಟಿದ ಮೇಲೆ ಒತ್ತಡದ ಔಷಧದ ಅಗತ್ಯವನ್ನೂ ತಗ್ಗಿಸುತ್ತದೆ.

ಆ ಚುಚ್ಚುಮದ್ದಿನ ಪ್ರಸ್ತಾಪ ಬಂದಾಗ ಕನ್ನಡಿಗನಾದ ನನ್ನ ಎದೆ ಹಿಗ್ಗುವ ಕಾರಣವೊಂದುಂಟು. ಶ್ರೀಮಂತ ದೇಶಗಳಲ್ಲಿ ಹಿತವೆಂದು ಸಿದ್ಧವಾದ ಮದ್ದು ಬಡ ದೇಶಗಳ ಆಸ್ಪತ್ರೆಗಳಲ್ಲಿಯೂ ಹಿತವೇ ಎಂಬ ಗಂಭೀರವಾದ ಸಂಶಯವೆದ್ದಾಗ, ವಿಶ್ವ ಆರೋಗ್ಯ ಸಂಸ್ಥೆಯು ಭಾರತ, ಬಾಂಗ್ಲಾದೇಶ, ಪಾಕಿಸ್ತಾನ, ಕೀನ್ಯಾ ಮತ್ತು ನೈಜೀರಿಯಾಗಳಲ್ಲಿ 2,852 ತಾಯಂದಿರನ್ನು ಸೇರಿಸಿಕೊಂಡು ಪರೀಕ್ಷೆ ನಡೆಸಿತು. ಭಾರತದಲ್ಲಿ ಅದರಲ್ಲಿ ಪಾಲ್ಗೊಂಡ ಸಂಸ್ಥೆಗಳಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯವೂ ಒಂದು. 2020ರಲ್ಲಿ ಹೊರಬಿದ್ದ ಫಲದಂತೆ, ಮದ್ದು ಪಡೆದ ತಾಯಂದಿರ ಕೂಸುಗಳಲ್ಲಿ ನೂರಕ್ಕೆ 19.6 ತೀರಿಕೊಂಡರೆ, ಪಡೆಯದವರ ಕೂಸುಗಳಲ್ಲಿ 23.5 ತೀರಿಕೊಂಡಿದ್ದವು. ಸಂಶಯ ತೀರಿತು. ಆ ಐದು ದೇಶಗಳ ತಾಯಂದಿರು, ತಮ್ಮ ಪಾಲಿಗೆ ಮದ್ದು ಬರುವುದೋ ಬರಿಯ ನೀರು ಬರುವುದೋ ತಿಳಿಯದೆ, ಹೆರಿಗೆಯ ನೋವಿನ ನಡುವೆ ಸಮ್ಮತಿಯಿತ್ತರು; ಅವರು ಕೊಟ್ಟ ಉತ್ತರದಿಂದ ಈಗ ಅವರನ್ನೆಂದೂ ಕಾಣದ ತಾಯಂದಿರ ಮಕ್ಕಳು ಉಳಿಯುತ್ತಿವೆ. ಯೂರೋಪಿನಲ್ಲಿ 830 ಕೂಸುಗಳು ದೊರೆಯದೆ ನಿಂತುಹೋದ ರಕ್ತದೊತ್ತಡದ ಪ್ರಶ್ನೆಯನ್ನು ನೆನೆದಾಗಲೆಲ್ಲ ನನಗೆ ಬೆಳಗಾವಿಯ ನೆನಪಾಗುತ್ತದೆ. 2020ರಲ್ಲಿ ಭಾರತದಲ್ಲಿ ಅವಧಿಗೆ ಮುನ್ನ ಹುಟ್ಟಿದ ಶಿಶುಗಳು ಸುಮಾರು 30 ಲಕ್ಷ. ಲೋಕದ ಬೇರಾವ ದೇಶದಲ್ಲಿಯೂ ಅಷ್ಟಿಲ್ಲ. ಈ ಪ್ರಶ್ನೆಯ ಉತ್ತರದಿಂದ ಎಲ್ಲರಿಗಿಂತ ಹೆಚ್ಚು ಪ್ರಯೋಜನ ಪಡೆಯತಕ್ಕವರು ನಾವೇ ಆಗಿರುವಾಗ, ಅದನ್ನು ಬೇರೆಯವರು ಕಂಡುಹಿಡಿದು ಕಳುಹಿಸಲೆಂದು ಕಾಯುವುದು ನಮಗೆ ಶೋಭಿಸದು.

ನಮ್ಮ ಬಂಧುಗಳ ಆ ಕೂಸಿಗೆ ಅಂದು ವೈದ್ಯರು ಡೋಪಮೈನ್ ಕೊಡಲಿಲ್ಲ. ಮೈ ಬೆಚ್ಚಗಿದೆ, ಮೂತ್ರ ಸರಿಯಾಗಿದೆ, ಬೆಳಗಿನವರೆಗೆ ನೋಡೋಣವೆಂದು ದಾದಿಯೊಬ್ಬರನ್ನು ಅದರ ಬಳಿಯಲ್ಲಿಯೇ ನಿಲ್ಲಿಸಿದರು. ಬೆಳಗಾಗುವಷ್ಟರಲ್ಲಿ 23 ಇದ್ದದ್ದು 29ಕ್ಕೆ ಬಂದಿತ್ತು. ಈಗ ಅವನು ಶಾಲೆಗೆ ಹೋಗುತ್ತಾನೆ. ಒಂದು ಕೂಸಿನ ಕಥೆಯಿಂದ ಏನೂ ಸಿದ್ಧವಾಗುವುದಿಲ್ಲವೆಂದು ಮೇಲೆ ಇಷ್ಟೆಲ್ಲ ಬರೆದವನು, ಇದನ್ನು ಸಾಕ್ಷಿಯಾಗಿ ಮುಂದಿಡಲಾರೆ. ಓದುಗರು ಕೇಳುವರೆಂದು ಹೇಳಿದ್ದೇನೆ.

ನಮ್ಮ ಹೆರಿಗೆ ಆಸ್ಪತ್ರೆಗಳಲ್ಲಿ ನನ್ನದೊಂದು ವಿಜ್ಞಾಪನೆಯಿದೆ. ಅವಧಿಗೆ ಮುನ್ನ ಹೆರಿಗೆಯಾಗುವ ಸಂಭವವಿರುವ ಗರ್ಭಿಣಿಯರು ತಪಾಸಣೆಗೆ ಬಂದಾಗಲೇ, ಅವಸರವಿಲ್ಲದ ಹೊತ್ತಿನಲ್ಲಿ, ಗಂಡಹೆಂಡಿರಿಬ್ಬರನ್ನೂ ಕೂರಿಸಿಕೊಂಡು, ಹುಟ್ಟಿದ ಮೊದಲ ದಿನ ಕೂಸಿನ ಒತ್ತಡ ಇಳಿಯಬಹುದು, ಅದರ ಅರ್ಥವಿಷ್ಟು, ನಮಗೆ ತಿಳಿದದ್ದು ಇಷ್ಟು, ತಿಳಿಯದ್ದು ಇಷ್ಟು ಎಂದು ಕನ್ನಡದಲ್ಲಿ ಬಿಡಿಸಿ ಹೇಳಿ; ಮುಂದೆ ಇಂತಹ ಪರೀಕ್ಷೆಯೊಂದು ನಮ್ಮ ನಾಡಿಗೆ ಬಂದರೆ, ಅದರ ಸಮ್ಮತಿಪತ್ರವನ್ನು ಆಗಲೇ ಅವರ ಕೈಗಿತ್ತು, ಮನೆಗೆ ಒಯ್ದು ಓದಿ ಯೋಚಿಸಲು ಬಿಡಿ.